ಹೆಸರಿಲ್ಲದ ಚೌಕ

ಅನುಕರಣೆ ಮಾಡುವವರಿಗೆ ಒಂದು ರೋಗವಿರುತ್ತದೆ. ಯಾರನ್ನಾದರೂ ಎರಡು ನಿಮಿಷ ನೋಡಿದರೆ ಸಾಕು, ಆ ಮನುಷ್ಯ ಪೂರ್ತಿ ಕೈಗೆ ಸಿಕ್ಕಿಬಿಟ್ಟ ಎಂದುಕೊಳ್ಳುತ್ತೇವೆ. ನನಗೆ ಇದು ಮೂರನೇ ಕ್ಲಾಸಿನಲ್ಲೇ ಹತ್ತಿತು. ಹೆಡ್‌ಮಾಸ್ಟರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ಅವರ ಕೈಯಲ್ಲೇ ಏಟು ತಿಂದೆ. ಒಮ್ಮೆ ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ “ಕುಂದಾಪ್ರ, ಕುಂದಾಪ್ರ, ಬೈಂದೂರ್” ಎಂದು ಕೂಗಿದ್ದಕ್ಕೆ, ಒಬ್ಬರು ಅಜ್ಜಿ ಬಾಳೆಗೊನೆ ಸಮೇತ ನನ್ನ ಹಿಂದೆಯೇ ಹೊರಟುಬಿಟ್ಟಿದ್ದರು. ಇಂಥ ರೋಗಿಗೆ ದೇವರು ಕೊಟ್ಟ ಉದ್ಯೋಗವೂ ಅದೇ ಜಾತಿಯದು.

ಕುಂದಾಪುರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇದೆ. ಒಟ್ಟು ಐದು ಜನ. ನಾವು ಪ್ರೋಗ್ರಾಮನ್ನು ಸಾಲು ಸಾಲಾಗಿ ಬರೆಯುವುದಿಲ್ಲ, ಚಿತ್ರ ಬಿಡಿಸುತ್ತೇವೆ. ಗಿರಾಕಿಯ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ, ಒಂದೊಂದು ಹಂತಕ್ಕೂ ಒಂದು ಚೌಕ ಹಾಕಿ, ನಡುವೆ ಬಾಣ ಎಳೆದು, ಗುಂಡಿ ಒತ್ತಿದರೆ ಸಾವಿರಾರು ಸಾಲನ್ನು ಯಂತ್ರವೇ ಬರೆದುಕೊಡುತ್ತದೆ. ಆ ಚಿತ್ರಕ್ಕೆ ಮಾಡೆಲ್ ಎನ್ನುತ್ತಾರೆ. ಯಂತ್ರ ಬರೆದ ಪ್ರತಿ ಫೈಲಿನ ನೆತ್ತಿಯ ಮೇಲೂ ಒಂದು ಎಚ್ಚರಿಕೆ ಇರುತ್ತದೆ: ಇಲ್ಲಿ ಕೈಯಿಂದ ಏನೂ ಬರೆಯಬೇಡಿ, ಮುಂದಿನ ಸಲ ಗುಂಡಿ ಒತ್ತಿದಾಗ ಅಳಿಸಿಹೋಗುತ್ತದೆ. ನಮ್ಮ ಧಣಿ ದಿನೇಶಣ್ಣ ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು. “ಇಡ್ಲಿ ಅಚ್ಚ್ ಇದ್ದಂಗೆ ಮಾರಾಯ. ಹಿಟ್ಟ್ ಹೊಯ್ದ್ರೆ ಆಯ್ತ್, ಬಿಲ್ಕುಲ್ ಒಂದೇ ನಮೂನಿ” ಎನ್ನುತ್ತಾರೆ. ಅವರ ಇನ್ನೊಂದು ನಂಬಿಕೆ, ಇದರ ಸಮ್ಮೇಳನಗಳಿಗೆ ನನ್ನನ್ನು ಕಳಿಸಿದರೆ ಕಂಪನಿ ದೊಡ್ಡದಾಗುತ್ತದೆ ಎಂಬುದು.

ಸಮ್ಮೇಳನ ಎಂದರೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸ್ವೆಟರ್ ಬೇಕಾಗುವಷ್ಟು ಎ.ಸಿ. ಹಾಕಿ, ಇನ್ನು ಮುಂದೆ ಯಾರೂ ಕೋಡ್ ಬರೆಯಬೇಕಿಲ್ಲ ಎಂದು ಪ್ರತಿ ವರ್ಷ ಹೇಳುವುದು. ಕೆನ್ನೆಗೆ ಮೈಕು ಅಂಟಿಸಿಕೊಂಡವರು ವೇದಿಕೆಯ ಈ ತುದಿಯಿಂದ ಆ ತುದಿಗೆ, ಕಟ್ಟಿಹಾಕಿದ ಎಮ್ಮೆ ಹಗ್ಗ ಅಳೆಯುವ ಹಾಗೆ, ನಡೆಯುತ್ತಾರೆ. ಕೊನೆಗೆ ಒಂದು ಚೀಲ, ಅದರೊಳಗೆ ಬರೆಯದ ಪೆನ್ನು. ಮೂರು ಸಮ್ಮೇಳನದ ಚೀಲಗಳಲ್ಲಿ ನನ್ನ ಅಮ್ಮ ಈಗ ಮೀನು ತರುತ್ತಾಳೆ.

ಮೀನೆಂದೆನಲ್ಲ, ಅಲ್ಲಿಗೇ ಬರಬೇಕಿತ್ತು. ಹತ್ತಿರದ ನಾಡದೋಣಿಯವರ ಸಂಘಕ್ಕೆ ಒಂದು ಪ್ರೋಗ್ರಾಂ ಮಾಡಿಕೊಡುವ ಕೆಲಸ ಬಂತು. ಯಾವ ದೋಣಿ ಹೋಯಿತು, ಯಾವುದು ಬಂತು, ಎಷ್ಟು ಮೀನು, ಇಷ್ಟೇ. ಬೆಳಿಗ್ಗೆ ಬೇಗ ದಡಕ್ಕೆ ಹೋದೆ. ದೋಣಿಯ ಪಕ್ಕ ಕೂತು ಬಲೆ ಸರಿಮಾಡುತ್ತಿದ್ದ ಶೀನಣ್ಣ ಸಿಕ್ಕರು. ದಡದಿಂದ ಕೂಗಿದರೆ ನಡುನೀರಿನ ದೋಣಿ ತಿರುಗಿ ನೋಡಬೇಕು, ಅಂಥ ಗಂಟಲು.

“ದೋಣಿ ಹೋದ್ ಮೇಲೆ ಎಂತ ಆತ್ತ್ ಶೀನಣ್ಣ?”

“ಮೀನ್ ಹಿಡಿತ್ತ್.”

“ಮತ್ತೆ?”

“ಮತ್ತೆಂತ, ಬತ್ತ್.”

“ಬಾರ್ದೆ ಇದ್ರೆ?”

ಬಲೆಯ ಮೇಲಿನ ಕೈ ನಿಂತಿತು. “ಹ್ವಾಯ್! ಯಾರ್ ಮಗ ನೀನ್? ದೋಣಿ ಇಳ್ಸು ಹೊತ್ತಿಗೆ ಬಾಯಲ್ ಬಪ್ಪು ಮಾತಾ ಅದ್? ಏಳ್, ಏಳ್ ಇಲ್ಲಿಂದ!”

ಎದ್ದು ಬಂದೆ. ಆಫೀಸಿನಲ್ಲಿ ಶೀನಣ್ಣನ ಬೈಗುಳವನ್ನು ಅವರದೇ ಗಂಟಲಿನಲ್ಲಿ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ಸುಧಾಕರಣ್ಣ ಒಬ್ಬರೇ. ನಮ್ಮಲ್ಲಿ ಹಿರಿಯರು ಅವರು. ಅವರ ತಮ್ಮ ಮಂಜು ಶೀನಣ್ಣನ ದೋಣಿಯಲ್ಲೇ ಹೋಗುವವನು. “ಅದ್ ಹೇಳುಕಾಗ ಮಾರಾಯ” ಎಂದಷ್ಟೇ ಹೇಳಿ ಕಂಪ್ಯೂಟರಿಗೆ ತಿರುಗಿಕೊಂಡರು. ನಾನು ಮೂರು ಚೌಕ ಬರೆದೆ: ಹೊರಟಿದೆ, ನೀರಿನಲ್ಲಿದೆ, ಬಂದಿದೆ. ಗುಂಡಿ ಒತ್ತಿದೆ. ಮುಗಿಯಿತು.

ಸ್ವಲ್ಪ ದಿನದಲ್ಲಿ ಒಂದು ಚೋದ್ಯ ನಡೆಯಿತು. ಮಧ್ಯಾಹ್ನ ಎರಡು ಗಂಟೆಯಾದರೂ ಬಾರದ ದೋಣಿಯಿದ್ದರೆ ಸಂಘದ ಕಾರ್ಯದರ್ಶಿಯ ಫೋನ್ ತಾನಾಗಿ ಹೊಡೆದುಕೊಳ್ಳುತ್ತಿತ್ತು. ಎರಡು ಸಲ ಹಾಗೆ ಎಂಜಿನ್ ಕೆಟ್ಟ ದೋಣಿಗಳನ್ನು ಎಳೆದು ತಂದರು. ನಾನು ಬರೆಯದಿದ್ದದ್ದನ್ನೂ ಯಂತ್ರ ಊಹಿಸಿದೆ ಎಂದು ಬೀಗಿದೆ. ಅದು ಹೇಗೆಂದು ತೆಗೆದು ನೋಡಲಿಲ್ಲ. ಹೊಗಳಿಕೆಯ ಮೂಲ ಹುಡುಕುವ ಅಭ್ಯಾಸ ನನಗಿಲ್ಲ. ದಡದಲ್ಲಿ ನಿಂತು ದೋಣಿ ಎಣಿಸುತ್ತಿದ್ದ ಹೆಂಗಸರು ಎಣಿಸುವುದನ್ನು ಬಿಟ್ಟರು. “ಫೋನ್ ಹೊಡ್ಕಂಬ್ಲಿಲ್ಲೆ ಅಂದ್ರೆ ಎಲ್ಲ ಬಂದಿತ್ತ್” ಎಂದು ಊಟಕ್ಕೆ ಹೋಗುತ್ತಿದ್ದರು.

ಯಂತ್ರ ಏನನ್ನೂ ಊಹಿಸಿರಲಿಲ್ಲ. ಸುಧಾಕರಣ್ಣ ಫೈಲಿನ ನೆತ್ತಿಯ ಆ ಎಚ್ಚರಿಕೆಯ ಕೆಳಗೇ ಕೈಯಿಂದ ಹನ್ನೆರಡು ಸಾಲು ಬರೆದಿದ್ದರು. ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ನಾಲ್ಕನೇ ಸಮ್ಮೇಳನ ಬಂತು. ಈ ಸಲ ವೇದಿಕೆಯ ಮೇಲೆ ನಾನೇ. ಎಲ್ಲರೆದುರು ಮೀನಿನ ಜಾತಿಗೆಂದು ಹೊಸದೊಂದು ಚೌಕ ಸೇರಿಸಿ ಗುಂಡಿ ಒತ್ತಿದೆ. ಹೊಸ ಪ್ರೋಗ್ರಾಂ ಅಲ್ಲಿಂದಲೇ ನೇರ ನಮ್ಮೂರಿನ ದಡಕ್ಕೆ ಹೋಯಿತು. ಚಪ್ಪಾಳೆ. ಆ ಉಮೇದಿನಲ್ಲಿ ಶೀನಣ್ಣನ ಬೈಗುಳವನ್ನೂ ಮಾಡಿ ತೋರಿಸಿದೆ. ಇನ್ನೂ ಜೋರು ಚಪ್ಪಾಳೆ.

ಅದೇ ದಿನ ಶೀನಣ್ಣನ ದೋಣಿ ಮಗುಚಿತ್ತು. ಎರಡು ಗಂಟೆಗೆ ಫೋನ್ ಹೊಡೆದುಕೊಳ್ಳಲಿಲ್ಲ. ಆ ಹನ್ನೆರಡು ಸಾಲನ್ನು ನನ್ನ ಗುಂಡಿ ಬೆಳಿಗ್ಗೆಯೇ ಅಳಿಸಿತ್ತು. ಎಲ್ಲರೂ ಉಂಡು ಮಲಗಿದರು. ಮಂಜುವಿನ ಹೆಂಡತಿ ಬಡಿಸಿಟ್ಟ ಗಂಜಿ ತಣ್ಣಗಾಗಿ, ಅವಳು ದಡಕ್ಕೆ ಬಂದು ನೋಡುವಾಗ ಹೊತ್ತು ಮುಳುಗಿತ್ತು. ಮಾರನೇ ದಿನ ಬೆಳಕು ಹರಿದ ಮೇಲೆ ಶೀನಣ್ಣ, ಮಂಜು ಇಬ್ಬರೂ ಸಿಕ್ಕರು, ಮಗುಚಿದ ದೋಣಿಗೆ ಅಂಟಿಕೊಂಡು. ಜೀವವಿತ್ತು. ಮಂಜು ಮತ್ತೆ ನೀರಿಗೆ ಇಳಿಯಲಿಲ್ಲ. ಈಗ ಬೈಂದೂರಿನ ಒಂದು ಅಂಗಡಿಯಲ್ಲಿದ್ದಾನೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇರುವ ಮರವಂತೆಯನ್ನು ಬಸ್ಸು ದಾಟುವಾಗ ಹೊಳೆ ಕಡೆಯ ಸೀಟಿನಲ್ಲೇ ಕೂರುತ್ತಾನೆ. ಶೀನಣ್ಣ ಅಷ್ಟು ಹೊತ್ತೂ ದಡದ ಕಡೆಗೆ ಕೂಗುತ್ತಲೇ ಇದ್ದರಂತೆ. ಆ ಗಂಟಲು ಮತ್ತೆ ಬರಲಿಲ್ಲ. ಈಗ ತುಟಿ ಆಡುತ್ತದೆ, ಗಾಳಿ ಬರುತ್ತದೆ. ಅವರ ದನಿ ಈ ಭೂಮಿಯ ಮೇಲೆ ಉಳಿದಿರುವುದು ನನ್ನ ಬಾಯಲ್ಲಿ ಮಾತ್ರ. ಅದನ್ನು ಎಲ್ಲಿ ಹೋಗಿ ವಾಪಸು ಕೊಡಲಿ?

ಸುಧಾಕರಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅನುಕರಣೆಗಾದರೂ ಆಗುತ್ತಿತ್ತು. ದಿನೇಶಣ್ಣನೇ ಕೇಳಿದರು: “ಕೈಯಗ್ ಎಂತಕ್ ಬರೆಯುಕ್ ಹೋದ್ದ್ ಸುಧಾಕರ? ಮಾಡೆಲಲ್ಲೇ ಹಾಕುಕಾತಿರ್ಲಿಲ್ಯಾ?”

“ಅಲ್ಲ್ ಹಾಕುಕೆ ಹೆಸ್ರ್ ಹೇಳ್ಕಲೆ” ಎಂದರು ಸುಧಾಕರಣ್ಣ.

ಅದು ಸತ್ಯ. ಬಾರದ ದೋಣಿಗೊಂದು ಚೌಕ ಬರೆಯಲು ಕೂತಾಗ ಗೊತ್ತಾಯಿತು. ಹೆಸರಿಲ್ಲದ ಚೌಕವನ್ನು ಯಂತ್ರ ಒಪ್ಪುವುದಿಲ್ಲ. ಇಟ್ಟ ಹೆಸರು ದಿನಾ ಬೆಳಿಗ್ಗೆ, ದೋಣಿ ಇಳಿಸುವ ಹೊತ್ತಿಗೆ, ಸಂಘದವರು ದಡದಲ್ಲಿ ಹಾಕಿಸಿದ ಪರದೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಮಾತನ್ನು ಅಲ್ಲಿ ಬರೆಯುವವರು ಯಾರು? ಕೊನೆಗೆ ಸುಧಾಕರಣ್ಣನನ್ನೇ ಕೇಳಿದೆ. ಅವರು ತಲೆಯೆತ್ತದೆ ಹೇಳಿದರು: “ನಿನ್ ಹೆಸ್ರ್ ಹಾಕ್.”

ಹಾಕಿದೆ. ಈಗ ದೋಣಿ ತಡವಾದರೆ ಪರದೆಯ ಮೇಲೆ ‘ರಾಘು’ ಎಂದು ಕೆಂಪಾಗಿ ಬರುತ್ತದೆ. “ಹ್ವಾಯ್, ಒಂದ್ ರಾಘು ಇತ್ತ್ ಕಾಣಿ!” ಎಂದು ಕಾರ್ಯದರ್ಶಿ ಕೂಗಿದರೆ ನಾಲ್ಕು ದೋಣಿ ಹೊರಡುತ್ತವೆ. ಹೆಂಗಸರು ಮತ್ತೆ ನಿಂತು ಎಣಿಸುತ್ತಾರೆ. ಬೆಳಿಗ್ಗೆ ಮಾತ್ರ ಆ ದಡದಲ್ಲಿ ಯಾರೂ ನನ್ನ ಹೆಸರೆತ್ತುವುದಿಲ್ಲ. ಅಲ್ಲಿದ್ದ ಇನ್ನೊಬ್ಬ ರಾಘುವನ್ನು ಈಗ ರಾಜು ಎಂದು ಕರೆಯುತ್ತಾರೆ, ಪಾಪ. ಅಮ್ಮ ಕೂಡ, “ನೀ ಬೆಳಿಗ್ಗೆ ಮೀನಿಗ್ ಹೋಪುದ್ ಬ್ಯಾಡ, ಯಾರಿಗೂ ಸಮಾ ಆತಿಲ್ಲೆ” ಎಂದು ಚೀಲ ಕಸಿದುಕೊಂಡಿದ್ದಾಳೆ.

ಅಪ್ಪಿತಪ್ಪಿ ಎದುರಾದರೆ ಶೀನಣ್ಣ ಮುಖ ತಿರುಗಿಸಿ ಮೂರು ಸಲ ಉಗುಳುತ್ತಾರೆ. ಆ ಶಬ್ದ ಒಂದು ಮಾತ್ರ ಹಳೆಯ ಶೀನಣ್ಣನದೇ, ಖಡಕ್ಕಾಗಿದೆ. ರೋಗ ಬಿಡಬೇಕಲ್ಲ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಅವರಷ್ಟು ಚೆನ್ನಾಗಿ ಬರುತ್ತಿಲ್ಲ.