ಬೀಳುವುದನ್ನು ಬಿಟ್ಟ ಕತ್ತೆ

ನಮ್ಮ ಸೋದರಮಾವ ಜೀವನದಲ್ಲಿ ಕೇಳಿದ್ದು ಒಬ್ಬರ ಮಾತು ಮಾತ್ರ, ಅದೂ ಒಂದು ಕತ್ತೆಯದು. ಹೀಗೆ ಬರೆದ ಕೂಡಲೇ ಅನುಮಾನ ಶುರು: ಇದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಸೇರಿಸಿದ್ದೆಷ್ಟು? ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿಸಿದರು. ನನ್ನ ನೆನಪನ್ನೂ ಬಿಟ್ಟಿಲ್ಲ.

ಗುಳೇದಗುಡ್ಡದಲ್ಲಿ ಮಾವನದು ಖಣದ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಮೊಬೈಲು ಒರಗಿಸಿ ಒಂದು ಕಾರ್ಟೂನ್ ಧಾರಾವಾಹಿ ನೋಡುತ್ತಿದ್ದ. ಅದರಲ್ಲೊಂದು ಅಪ್ಪ ಕತ್ತೆ. ಮೊದಲ ಸೀಸನ್ನುಗಳಲ್ಲಿ ಬೀಳುವುದೇ ಅದರ ಕಸುಬು: ಬಾವಿಗೆ, ಗಟಾರಕ್ಕೆ, ಬೀಗರೂಟದ ಸಾರಿನ ಹಂಡೆಗೆ. ಮಾವ ನಗುವ ಭರದಲ್ಲಿ ಕುಪ್ಪಸಕ್ಕೆ ಕೇಳಿದವಳಿಗೆ ಪರದೆಗಾಗುವಷ್ಟು ಖಣ ಕತ್ತರಿಸಿದ್ದೂ ಉಂಟು.

ನಾಲ್ಕನೇ ಸೀಸನ್ನಿನಲ್ಲಿ ಮಗಳು ಕತ್ತೆ ಜಗಳಾಡಿ ಊರು ಬಿಟ್ಟಿತು. ಅಪ್ಪ ಕತ್ತೆ ಬೀಳುವುದನ್ನು ನಿಲ್ಲಿಸಿ, ಬಾಗಿಲು ನೋಡುತ್ತ ಕೂತುಬಿಟ್ಟಿತು.

"ಅಳಿಯಾ, ಇದ್ಯಾಕ ಬೀಳವಲ್ದೋ?"

"ಕಥಿಗೆ ಬುದ್ಧಿ ಬಂದೈತಿ ಮಾಮಾ. ಇನ್ನ ಮನಸಿನ ವಿಚಾರ."

"ಕತ್ತಿಗೆಂಥಾ ಮನಸಲೇ? ಬೀಳಾಕ ಹೇಳದಕ್ಕ."

ನನಗೆ ನಗು ಬರಲಿಲ್ಲ. ಮಾವನ ಮಗಳು ಮೆಚ್ಚಿದವನನ್ನು ರಜಿಸ್ಟರ್ ಮದುವೆಯಾಗಿ ಹುನಗುಂದ ಸೇರಿದ್ದಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಬಂದ್. ಊರ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಗೆ, ಅಂದರೆ ಮಡಿಲಿಗೆ, ಹಾಕುವುದೆಲ್ಲ ಈತನ ಅಂಗಡಿಯ ಖಣ. ಈತನ ಮಗಳು ಮಾತ್ರ ಉಡಿ ತುಂಬಿಸಿಕೊಳ್ಳದೆ ಹೋದವಳು.

ಮಾವನ ಊಟ ಅರ್ಧಕ್ಕಿಳಿಯಿತು. "ನಿಮ್ಮ ಮಾಮಾ ಕತ್ತಿ ಸಲುವಾಗಿ ಉಪವಾಸ ಕುಂತಾರ. ದವಾಖಾನ್ಯಾಗ ಏನಂತ ಹೇಳ್ಲೆಪಾ?" ಅಂದಳು ಅತ್ತೆ.

ಕೊನೆಯ ಕಂತು ತೋರಿಸುವುದೋ ಬೇಡವೋ? ಮಾವನಿಗೆ ಬಿಪಿ. ಕತ್ತೆಗೇನಾದರೂ ಆದರೆ? ನೆಟ್ ಇಲ್ಲವೆಂದು ಸುಳ್ಳು ಹೇಳಿದೆ. ಅವನು ಪಕ್ಕದ ಚಹಾದಂಗಡಿಯವನಿಂದ ನೆಟ್ ತಗೊಂಡು ಕುಳಿತ. ಇಬ್ಬರೂ ನೋಡಿದೆವು. ನಾನು ನೋಡಿದ್ದು ಮೊಬೈಲನ್ನೋ ಮಾವನ ಮುಖವನ್ನೋ, ಹೇಳಲಾರೆ.

ಮರುದಿನ ನನ್ನನ್ನೂ ಹುನಗುಂದದ ಬಸ್ಸು ಹತ್ತಿಸಿದ. ಅವನ ತೊಡೆಯ ಮೇಲೆ ಖಣ, ತೆಂಗಿನಕಾಯಿ, ಅಕ್ಕಿ. ಉಡಿ ತುಂಬುವುದು ಹೆಂಗಸರ ಕೆಲಸ. ಅವಸರದಲ್ಲಿ ಅತ್ತೆಯನ್ನೇ ಮನೆಯಲ್ಲಿ ಮರೆತು ಬಂದಿದ್ದ. ಬಾಗಿಲು ತೆರೆದ ಮಗಳ ಸೆರಗಿಗೆ ತಾನೇ ಅಕ್ಕಿ ಸುರಿದ. ಅರ್ಧ ಹೊಸ್ತಿಲ ಮೇಲೆ ಚೆಲ್ಲಿತು.

"ಅಪ್ಪಾ, ಏನ್ ಮಾಡಾಕತ್ತೀ?"

"ನಾ ಅಲ್ಲ ಯವ್ವಾ, ಆ ಕತ್ತಿ ಹೇಳಿದ್ದು. 'ತಪ್ಪು ನಂದ ಐತಿ ಮಗಳ, ಮನಿಗೆ ಬಾ' ಅಂತು. ಬೇಕಾರ ಇವನ್ನ ಕೇಳು."

ನಾನು ಹೂಂ ಅಂದೆ. ಕತ್ತೆ ಹಾಗೆ ಹೇಳಿರಬಹುದು ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಆ ಕಂತನ್ನು ಒಬ್ಬನೇ ಕೂತು ಮತ್ತೆ ನೋಡಿದೆ. ಅಪ್ಪ ಕತ್ತೆ ಮಗಳ ಮನೆಯ ಬಾಗಿಲವರೆಗೆ ಹೋಗುತ್ತದೆ, ನಿಲ್ಲುತ್ತದೆ. ಕೊನೆಯವರೆಗೂ ಒಂದು ಮಾತೂ ಆಡುವುದಿಲ್ಲ.