ರೆಕಾರ್ಡ್ ಮಾರದ ಅಂಗಡಿ

ನನ್ನ ಸೋದರಮಾವ ಹುಬ್ಬಳ್ಳಿಯಲ್ಲಿ ಗ್ರಾಮೋಫೋನ್ ರೆಕಾರ್ಡಿನ ಅಂಗಡಿ ಇಟ್ಟದ್ದು ರೆಕಾರ್ಡ್ ಮಾರಬಾರದೆಂಬ ಹಟದಿಂದ. ನಂಬಿಕೆಯಾಗದಿದ್ದರೆ ಅಪ್ಪನಿಗೆ ಜ್ವರ ಬರುವುದಕ್ಕೆ ಮುಂಚಿನ ರವಿವಾರವನ್ನೇ ನೋಡಿ. ಅಂದು ಮಧ್ಯಾಹ್ನದೊಳಗೆ ಇಬ್ಬರು ಗಿರಾಕಿಗಳನ್ನು ಅವನು ಯಶಸ್ವಿಯಾಗಿ ಓಡಿಸಿದ್ದ.

ಮೊದಲನೆಯವರು ಹತ್ತಿ ದಲಾಲರು. ಮಗಳ ಮದುವೆಗೆ ದೊಡ್ಡ ದನಿಯ ರೆಕಾರ್ಡ್ ಯಾವುದಾದರೂ ಸರಿ ಎಂದರು.

“ದೊಡ್ಡ ದನಿ ಬೇಕಾದ್ರ ಸ್ಟೇಷನ್ನಿಗೆ ಹೋಗ್ರಿ,” ಎಂದ ಮಾವ. “ಅಲ್ಲಿ ಎಂಜಿನ್ ಐತಿ. ಬೀಗರ ಊರಿನ ತನಕಾ ಕೇಳಸ್ತೈತಿ.”

ಎರಡನೆಯವನು ಉಪ್ಪಿನಬೆಟಗೇರಿಯ ರೈತ. ಹೊಸದಾಗಿ ಗ್ರಾಮೋಫೋನ್ ಕೊಂಡಿದ್ದ, ಪಾಪ.

“ಮನ್ಯಾಗ ಕೇಳವ್ರು ಯಾರು?”

“ನಾ, ನನ್ನ ಹೆಂಡ್ತಿ. ಕೊಟಗಿ ಬಾಜೂಕ ಐತ್ರಿ, ಎಮ್ಮಿನೂ ಕೇಳ್ತೈತಿ.”

“ಎಮ್ಮಿದೇನೂ ಚಿಂತಿಲ್ಲ, ನಡುವ ಮಾತಾಡೂದಿಲ್ಲ. ನಿಮ್ಮಿಬ್ಬರದ ಖಾತ್ರಿ ಇಲ್ಲ.”

ಮಾವನ ಕಾಯಿದೆ ಹೀಗಿತ್ತು: ಮೂರು ರವಿವಾರ ಅಂಗಡಿಯ ಹಾಡಿನ ಬೈಠಕ್ಕಿಗೆ ಬಂದು ಬಾಯಿ ಮುಚ್ಚಿ ಕೂತವರಿಗೆ ಮಾತ್ರ ರೆಕಾರ್ಡ್. ಹಾಗೆ ಕೂತವರು ಪುಕ್ಕಟೆ ಸಂಗೀತ ಕೇಳಿ ತೃಪ್ತರಾಗಿ, ಏನೂ ಕೊಳ್ಳದೆ ಮನೆಗೆ ಹೋಗುತ್ತಿದ್ದರು. ಇಂಥ ವ್ಯಾಪಾರ ಯಾವ ಸಾಲೆಯಲ್ಲಿ ಕಲಿಸುತ್ತಾರೆ?

ಬೈಠಕ್ಕಿನ ಹೊತ್ತಿಗೆ ಮಾವ ಗ್ರಾಮೋಫೋನಿನ ಮೇಲೆ ಟವೆಲ್ ಮುಚ್ಚುತ್ತಿದ್ದ. ಜೀವಂತ ಮನುಷ್ಯ ಹಾಡುವಾಗ ಯಂತ್ರ ನಾಚಿಕೊಳ್ಳುತ್ತದಂತೆ. ಕೊನೆಗೆ ಹಾಡುವವನು ಅಪ್ಪ. ಆರು ದಿನ ರೈಲ್ವೆ ವರ್ಕ್‌ಶಾಪಿನಲ್ಲಿ ಸುತ್ತಿಗೆ ಬಡಿದು, ಏಳನೆಯ ದಿನಕ್ಕಾಗಿಯೇ ಬದುಕುತ್ತಿದ್ದ. ಅವನ ಆಲಾಪ ಮುಗಿಯುವುದರೊಳಗೆ ಚಹಾ ಎರಡು ಸಲ ಆರಿ, ಎರಡು ಸಲ ಕಾಯುತ್ತಿತ್ತು.

ಆ ರವಿವಾರ ಮುಂಬೈಯ ಕಂಪನಿ ಏಜಂಟರೊಬ್ಬರು ಬಂದಿದ್ದರು. ರೆಕಾರ್ಡುಗಳು ಯಾಕೆ ಖರ್ಚಾಗುತ್ತಿಲ್ಲವೆಂದು ವಿಚಾರಿಸಲು ಬಂದವರು ಅಪ್ಪನ ಹಾಡು ಕೇಳುತ್ತ ಅದನ್ನೇ ಮರೆತರು.

“ನಾಳೆ ನನ್ನ ಜೋಡಿ ಮುಂಬೈಗೆ ಬರ್ರಿ,” ಎಂದರು ಅಪ್ಪನಿಗೆ. “ರೆಕಾರ್ಡಿನ ಎರಡೂ ಮಗ್ಗಲಾ ನಿಮ್ಮ ಹಾಡ ತುಂಬೂಣು. ಮಗ್ಗಲಿಗೆ ಮೂರು ನಿಮಿಷ.”

ಅಪ್ಪ ನೆಟ್ಟಗೆ ಕೂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಅವನಿಗೆ ಎಷ್ಟು ಆಸೆಯಾಯಿತೆಂದು ನನಗೆ ಕಂಡಿತು. ಮಾವನಿಗೆ ಕಾಣಲಿಲ್ಲ.

“ಮೂರು ನಿಮಿಷ?” ಎಂದ ಮಾವ. “ಅಷ್ಟರಾಗ ನಮ್ಮ ಭಾವ ಕೆಮ್ಮಿ ಗಂಟಲಾ ಸರಿ ಮಾಡ್ಕೊಳ್ಳೂದೂ ಮುಗಿಯೂದಿಲ್ಲ. ಅರ್ಧ ತಾಸಿನ ರೆಕಾರ್ಡ್ ಮಾಡಾಕ ಕಲತು ಬರ್ರಿ ಸಾಹೇಬ್ರ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. “ಇರ್ಲಿ ಬಿಡ್ರಿ, ಮುಂದಿನ ವರ್ಷ ನೋಡೂಣು,” ಎಂದು ಗುಂಡಿ ಬಿಚ್ಚಿದ.

ಬುಧವಾರ ಜ್ವರ ಬಂತು. ಒಂಬತ್ತನೆಯ ದಿನ ಅಪ್ಪ ಹೋದ.

ದಿನಕರ್ಮಗಳೆಲ್ಲ ಮುಗಿದ ಮೇಲಿನ ರವಿವಾರ, ಮಾವನನ್ನು ಬಯ್ಯಬೇಕೆಂದೇ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಯಾರೋ ಹೊಸ ಗಿರಾಕಿ ನಿಂತಿದ್ದ. ಮಾವ ಅವನನ್ನು ಏನೂ ಕೇಳಲಿಲ್ಲ. ರೆಕಾರ್ಡನ್ನು ಕಾಗದದಲ್ಲಿ ಸುತ್ತಿ ಸುಮ್ಮನೆ ಕೈಗಿಟ್ಟ. ಅವನು ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದ:

“ಮೂರು ನಿಮಿಷಾದ್ರೂ ಇರ್ತಿತ್ತಲ್ಲೋ.”

ಬೈಠಕ್ಕಿನ ಹೊತ್ತಾಗಿತ್ತು. ಇಬ್ಬರೂ ಸೇರಿ ಜಮಖಾನೆ ಹಾಸಿದೆವು.

ಅಂಗಡಿಯ ಮೂರೂ ಗೋಡೆಗೆ ರೆಕಾರ್ಡುಗಳಿವೆ. ಅಪ್ಪನ ದನಿ ಯಾವುದರಲ್ಲೂ ಇಲ್ಲ.