ಬನಹಟ್ಟಿಯ ಪ್ರಿಂಟರ್ ರಿಬ್ಬನ್

ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮುಧೋಳದಿಂದ ಬೀಳಗಿಯವರೆಗೆ ಎಲ್ಲರೂ ಕಂಪ್ಯೂಟರ್ ಹೊಸದು ತರುತ್ತಾರೆ, ಸಾಫ್ಟ್‌ವೇರು, ಪ್ರಿಂಟರು ಮಾತ್ರ ಹಳೆಯವೇ ನಡೆಯಬೇಕು ಎನ್ನುತ್ತಾರೆ. ಇವೆರಡರ ಸಂಬಂಧ ಕೂಡಿಸುವುದು ನನ್ನ ಹೊಟ್ಟೆಪಾಡು. ಬನಹಟ್ಟಿಯ ನೇಕಾರ ಕಾಕಾ ಅವರ ಮನೆಯಲ್ಲಿ ಮೂರು ದಿನ ನಡೆದದ್ದನ್ನೇ ನೋಡಿ.

ಕಾಕಾ ಸೀರೆಯ ಅಂಚು ಬರೆಯುವುದು ಕಪ್ಪು ಪರದೆಯ ಹಳೆ ಸಾಫ್ಟ್‌ವೇರಿನಲ್ಲಿ. ಅದನ್ನು ಕಾಗದಕ್ಕೆ ಇಳಿಸುವುದು ಕರಕರ ಎನ್ನುವ ಹಳೆ ಪ್ರಿಂಟರ್. ಹಳೆ ಕಂಪ್ಯೂಟರ್ ಕಣ್ಣು ಮುಚ್ಚಿತ್ತು. ಗುರುವಾರ ಮುಧೋಳದ ಬೀಗರು ಬಂದು ಕಾಕಾ ಅವರ ಮಗಳ ಮದುವೆ ಸೀರೆಯ ಅಂಚನ್ನು ಕಾಗದದ ಮೇಲೆ ನೋಡಿ ಒಪ್ಪಬೇಕಿತ್ತು. ನಾನು ಹೋದದ್ದು ಮಂಗಳವಾರ.

೧. ಒಳಗಿನ ಪ್ರಿಂಟ್

ಹೊಸ ಕಂಪ್ಯೂಟರಿನಲ್ಲಿ ಹಳೆ ಸಾಫ್ಟ್‌ವೇರನ್ನು ಹೇಗೋ ಎಬ್ಬಿಸಿ ಪ್ರಿಂಟ್ ಒತ್ತಿದೆ. ಅದಕ್ಕೆ ಪ್ರಿಂಟರಿನ ಗುರುತೇ ಹತ್ತಲಿಲ್ಲ. ಅಂಚನ್ನು ಪಿಡಿಎಫ್ ಮಾಡಿ ತಾನೇ ಇಟ್ಟುಕೊಂಡಿತು.

"ಪ್ರಿಂಟ್ ಆತ್ರಿ ಕಾಕಾ," ಅಂದೆ.

"ಎಲ್ಲೈತ್ರಿ?"

"ಕಂಪ್ಯೂಟರ್ ಒಳಗ."

"ನಾನೂ ಸೀರಿ ನೇಯ್ದು ಮಗ್ಗದಾಗ ಬಿಡತೇನಿ. ಮಗಳು ಅಲ್ಲೇ ಹೋಗಿ ಉಟ್ಕೊಳ್ಳಲಿ," ಅಂದರು ಕಾಕಾ.

೨. ಕಾಕಾ ಅವರ ಕಿವಿ

ಬುಧವಾರ ಹೊಸ ಕೇಬಲ್ ತಂದು ಜೋಡಿಸಿದೆ. ಪ್ರಿಂಟರ್ ಕರಕರ ಎಂದಿತು. ನನಗೆ ಕುಣಿಯುವಷ್ಟು ಖುಷಿ. ಪಡಸಾಲೆಯಲ್ಲಿ ಕೂತಿದ್ದ ಕಾಕಾ ಅಲ್ಲಿಂದಲೇ, "ಒಂದ ಎಳಿ ತಪ್ಪಾಕತ್ತೈತಿ ನೋಡ್ರಿ," ಅಂದರು.

ನೋಡಿದರೆ, ಅಕ್ಷರ ಕುಟ್ಟುವ ಸೂಜಿಗಳಲ್ಲಿ ಒಂದು ಸಿಕ್ಕಿಕೊಂಡು ಪ್ರತಿ ಸಾಲಿಗೂ ಬಿಳಿ ಗೆರೆ ಬಿದ್ದಿತ್ತು. ಕಣ್ಣೆದುರು ಇದ್ದರೂ ನನಗೆ ಕಂಡಿರಲಿಲ್ಲ. ಎಂಥ ಕಿವಿ ಎಂದು ಕಾಕಿಯ ಮುಂದೆ ಹೊಗಳಿದೆ.

"ಚಾ ಆರಾಕತ್ತೈತಿ ಅಂತ ಮೂರ ಸಲ ಕರದೇನ್ರಿ. ಅದ ಕಿವಿ," ಅಂದರು ಕಾಕಿ.

೩. ಪಕ್ಕಾ ಬಣ್ಣ

ಸೂಜಿ ಸರಿಯಾಯಿತು, ಸೂಜಿಯ ಮುಂದೆ ಓಡುವ ಬಟ್ಟೆಯ ಪಟ್ಟಿ, ಆ ರಿಬ್ಬನ್, ಹರಿದುಹೋಯಿತು. ಅಂಥದ್ದು ಈಗ ನಮ್ಮ ಕಡೆ ಎಲ್ಲೂ ಸಿಗುವುದಿಲ್ಲ. ಹೊರಗಿನಿಂದ ತರಿಸಲು ನಾಲ್ಕು ದಿನ.

"ಮಗ್ಗದ ಮನ್ಯಾಗ ಪಟ್ಟಿಗೆ ಬರ ಏನ್ರಿ?" ಅಂದ ಕಾಕಾ, ಗುರುವಾರ ಮುಂಜಾನೆಗೆ ಅದೇ ಅಳತೆಯ ಪಟ್ಟಿ ನೇಯ್ದು, ಕೆಂಪು ಬಣ್ಣ ಹಾಕಿ ಇಟ್ಟಿದ್ದರು. ಹಾಕಿ ಪ್ರಿಂಟ್ ಒತ್ತಿದೆ. ಕಾಗದ ಬೆಳ್ಳಗೇ ಹೊರಗೆ ಬಂತು.

"ಬಣ್ಣ ಬಿಡವಲ್ದು ಕಾಕಾ."

"ಹೆಂಗ ಬಿಟ್ಟೀತ್ರಿ? ಎರಡ ಸಲ ಒಗದೇನಿ."

ರಿಬ್ಬನ್ ಎಂದರೆ ಬಣ್ಣ ಬಿಡಲೇಬೇಕು ಎಂದು ತಿಳಿಸಿ ಹೇಳಿದೆ. ಕಾಕಾ ಅವರ ಮುಖ ಸಣ್ಣದಾಯಿತು. ಜೀವಮಾನದಲ್ಲಿ ಬಣ್ಣ ಬಿಡುವ ಬಟ್ಟೆ ಮಾಡಿದವರಲ್ಲ. ಬಾಗಿಲು ಮುಂದೆ ಮಾಡಿ, ಎಣ್ಣೆಯಲ್ಲಿ ಬಣ್ಣ ಕಲಸಿ, ಇನ್ನೊಂದು ಪಟ್ಟಿ ಅದ್ದಿಕೊಟ್ಟರು. "ಓಣ್ಯಾಗ ಹೇಳಬ್ಯಾಡ್ರಿ," ಅಂದರು. ಪಾಪ ಅನಿಸಿತು.

ಅಂಚು ಕೆಂಪಗೆ, ಎಷ್ಟು ಚೆಂದ ಬಂತು! ಅಷ್ಟರಲ್ಲಿ ಬೀಗರು ಬಂದರು. ಕಾಗದ ನೋಡಿ ಛಲೋ ಐತಿ ಅಂದರು. ಆಮೇಲೆ ರಿಬ್ಬನ್ ಹಾಕಿದ ನನ್ನ ಹತ್ತೂ ಬೆರಳು ಕೆಂಪಾಗಿದ್ದನ್ನು ನೋಡಿದರು.

"ಸೀರಿ ಹಿಂಗ ಬಣ್ಣ ಬಿಡತೈತೇನ್ರಿ ಬೀಗರ?"

ಕಾಕಾ ಜೇಬಿನಿಂದ ಮೊದಲಿನ ಪಟ್ಟಿ ತೆಗೆದು, ಬೀಗರ ಮುಂದಿದ್ದ ನೀರಿನ ಗ್ಲಾಸಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿದರು.

"ನಮ್ಮ ಬಣ್ಣ ಇದ್ರಿ. ಅವರ ಕೈಯಾಗಿಂದು ಕಂಪ್ಯೂಟರಿಂದು."

ನಾನು ಹೌದೆಂದು ತಲೆಯಾಡಿಸಿದೆ. ಬೀಗರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ನೀರು ಹಾಗೇ ಇತ್ತು. ಅದನ್ನೇ ಕುಡಿದರು.